ನಲವತ್ತೊಂದನೇ ಸಾಲು

“ಏ ಹಡಬೆ, ಒಡೆಯರ ಹೆಸರಿಗೆ ನೋಟೀಸು ತೆಗಿ ಅಂದವರು ಯಾರೇ? ನಿನ್ನಪ್ಪ ಹೇಳಿದ್ನಾ?”

ನರೇಶ ಸಾಹೇಬರು ಎಸೆದ ಕಾಗದ ಮಂಗಲಾಳ ಮುಖಕ್ಕೆ ಬಡಿದು ಕೀಲಿಮಣೆಯ ಮೇಲೆ ಬಿತ್ತು. ಪಕ್ಕದ ಕುರ್ಚಿಯಲ್ಲಿ ಪ್ರವೀಣ ಒಡೆಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಓಂ ಬೀಚಿನ ಮೇಲ್ಗಡೆ ಎಂಟೆಕರೆ ಕಾಡು ಬೋಳಿಸಿ ಗೆಸ್ಟ್‌ಹೌಸು ಎಬ್ಬಿಸಿದ ಪುಣ್ಯಾತ್ಮರು. ಅವರಿಗೂ ನೋಟೀಸು ಹೋಗಿಬಿಟ್ಟಿತ್ತು: ‘ನೀವು ಅರಣ್ಯಭೂಮಿಯನ್ನು ಅತಿಕ್ರಮಿಸಿರುತ್ತೀರಿ. ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು.’

“ಆ ಸಾಲು ಮುಚ್ಚಿಟ್ಟದ್ದು ನೀವೇ ಅಲ್ದಾ ಸಾಹೇಬ್ರೆ? ನಾ ಮುಟ್ಲಿಲ್ಲ.”

ಅವಳು ಹೇಳಿದ್ದು ನಿಜ. ಕುಮಟೆಯ ಆ ಅರಣ್ಯ ಕಚೇರಿಯಲ್ಲಿ ದಿನಗೂಲಿಗೆ ಕಂಪ್ಯೂಟರ್ ಒತ್ತುವವಳು ಮಂಗಲಾ ಒಬ್ಬಳೇ. ಸರ್ವೆಯವರು ಬರೆದುಕೊಟ್ಟ ಹೆಸರು, ಊರು, ಗುಂಟೆಗಳನ್ನೆಲ್ಲ ಎಕ್ಸೆಲ್ ಪಟ್ಟಿಗೆ ತುಂಬಿದ್ದಳು, ಒಟ್ಟು ಮುನ್ನೂರ ಹನ್ನೆರಡು ಸಾಲು. ವರ್ಡ್‌ನಲ್ಲಿ ಒಂದೇ ನೋಟೀಸು ಬರೆದು, ಹೆಸರಿನ ಜಾಗವನ್ನು ಪಟ್ಟಿಗೆ ಜೋಡಿಸಿದ್ದಳು. ಗುಂಡಿ ಒತ್ತಿದರೆ ಒಬ್ಬೊಬ್ಬರ ಹೆಸರೂ ತಾನಾಗಿ ಬಂದು ಕೂತು, ಹಾಳೆಯ ಮೇಲೆ ಹಾಳೆ ಬೀಳುತ್ತಿತ್ತು. ಇನ್ನೂರ ಏಳನೇ ಸಾಲಿನಲ್ಲಿ, ಹಾಲಕ್ಕಿಗಳ ಕೇರಿಯಾದ ಕೊಪ್ಪದಲ್ಲಿರುವ ಅವಳ ಹೆತ್ತ ಅವ್ವಿಯೇ ಇದ್ದಳು: ಮಂಜಿ ಕೋಂ ಶುಕ್ರ ಗೌಡ, ಹನ್ನೆರಡು ಗುಂಟೆ. ಅದು ಅಚ್ಚಾಗಿ ಬಂದ ದಿನ ಮಂಗಲಾಳಿಗೆ ಅನ್ನ ಇಳಿದಿರಲಿಲ್ಲ.

ನಲವತ್ತೊಂದನೇ ಸಾಲು ಒಡೆಯರದು. ಅಳಿಸಿದರೆ ಮೇಲಿನವರು ಕೇಳಿಯಾರೆಂದು ಸಾಹೇಬರು ತಾವೇ ಮೌಸು ಹಿಡಿದು ಆ ಸಾಲನ್ನು ಹೈಡ್ ಮಾಡಿದ್ದರು. ಪರದೆಯಲ್ಲಿ ಕಾಣದಿದ್ದ ಮಾತ್ರಕ್ಕೆ ವರ್ಡ್ ಅದನ್ನು ಬಿಡುವುದಿಲ್ಲವೆಂದು ಅವರಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ನೋಟೀಸಿನ ಕಟ್ಟಿಗೆ ಓದದೆ ಸಹಿ ಗೀಚಿದವರೂ ಸಾಹೇಬರೇ.

“ಕೊಪ್ಪದ ಹಾಲಕ್ಕಿಗಳನ್ನ ತಂದು ಕಂಪ್ಯೂಟರಿಗೆ ಕೂರ್ಸಿರೆ ಮತ್ತೆಂತ ಆಗ್ತದೆ?” ಒಡೆಯರು ನಕ್ಕರು. “ಮಣಿಸರ ಹಾಕ್ಕಂಡು ಸೊಪ್ಪು ಹೊರೂ ಜಾತಿ.”

ಮಂಗಲಾ ಸಾಹೇಬರತ್ತ ತಿರುಗಿದಳು. “ನಮ್ಮವ್ವಿಗೂ ನೋಟೀಸು ಬಂದದೆ ಸಾಹೇಬ್ರೆ. ನಮ್ಮಜ್ಜ ಹುಟ್ಟಿದ್ದೂ ಅದೇ ಮನೇಲಿ.”

“ನಿಮ್ಗೆ ಬಂದದ್ದು ಕಾನೂನು. ಇವರಿಗೆ ಹೋದದ್ದು ಕಣ್ತಪ್ಪು. ತಿಳೀತಾ? ಸುಮ್ನೆ ಇವರ ಹೆಸರಿಗೆ ಒಂದು ರದ್ದತಿ ಪತ್ರ ತೆಗಿ. ಊಟದೊಳಗೆ ಸಹಿಗೆ ತಾ.”

ಮಂಗಲಾ ಬರೆದಳು: ‘ತಮಗೆ ಕಳುಹಿಸಿದ ನೋಟೀಸು ಕಣ್ತಪ್ಪಿನಿಂದಾಗಿದ್ದು, ಅದನ್ನು ಈ ಮೂಲಕ ಹಿಂಪಡೆಯಲಾಗಿದೆ.’ ಹೆಸರಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒಡೆಯರ ಹೆಸರನ್ನು ಒತ್ತಲಿಲ್ಲ. ಆ ಜಾಗವನ್ನು ಅದೇ ಪಟ್ಟಿಗೆ ಜೋಡಿಸಿ, ಗುಂಡಿ ಒತ್ತಿದಳು. ಮುನ್ನೂರ ಹನ್ನೆರಡು ರದ್ದತಿ ಪತ್ರ ಬಿದ್ದವು.

ಒಡೆಯರ ಪತ್ರ ಮೇಲಿಟ್ಟು ಇಡೀ ಕಟ್ಟನ್ನು ಸಾಹೇಬರ ಮೇಜಿಗೆ ತಂದಿಟ್ಟಳು.

“ಕೆಳಗಿನದ್ದೆಲ್ಲ ಎಂತದೇ?”

“ಪಟ್ಟೀದು, ಸಾಹೇಬ್ರೆ.”

ಸಾಹೇಬರು ಮೇಲಿನದನ್ನು ಎರಡು ಸಲ ಓದಿ ಒಡೆಯರಿಗೆ ತೋರಿಸಿದರು. ಉಳಿದವಕ್ಕೆ ಮೀನಿನ ಊಟದ ಮಾತಾಡುತ್ತ ಸಹಿ ಎಳೆದರು. ಸೀಲು ಒತ್ತಿದವಳು ಮಂಗಲಾ.

ಎರಡು ದಿನ ಅವಳು ಕಚೇರಿಗೆ ಹೋಗಲಿಲ್ಲ. ಕೊಪ್ಪ ಕೊಪ್ಪ ಅಲೆದು ಪತ್ರ ಹಂಚಿದಳು. ಕೊನೆಗೆ ಮನೆಗೆ ಬಂದರೆ, ಮಂಜಿ ಮನೆ ಬಿಡಲೆಂದು ಅರ್ಧ ಮಾಡಿನ ಹಂಚು ಇಳಿಸಿ ಅಂಗಳದಲ್ಲಿ ಪೇರಿಸಿದ್ದಳು.

“ಇದು ಖರೆ ಏನೇ ಮಗಾ?” ಮಗಳು ಕೊಟ್ಟ ಪತ್ರ ತಿರುಗಿಸಿ ನೋಡುತ್ತ ಕೇಳಿದಳು.

“ಸಹಿ ಖರೆ ಅವ್ವಿ. ನನ್ನ ಕೆಲ್ಸ ಹೋತು.”

ಮೂರನೇ ದಿನ ಜೀಪು ಬಂತು. ಸಾಹೇಬರ ಜೊತೆ ಇಬ್ಬರು ಪೊಲೀಸರು. ಒಬ್ಬ ಮಂಗಲಾಳ ರಟ್ಟೆ ಹಿಡಿದು ಎಳೆದು ಹಿಂದಿನ ಸೀಟಿಗೆ ನೂಕಿದ. ಕೊಪ್ಪದವರೆಲ್ಲ ಬಂದು ನಿಂತರು.

“ಈ ರಂಡೆ ಕೊಟ್ಟ ಕಾಗದ ಎಲ್ಲಾ ಸುಳ್ಳು! ವಾಪಸ್ ಕೊಡ್ರೋ!” ಸಾಹೇಬರು ಕಿರುಚಿದರು.

ಒಬ್ಬರೂ ಕಾಗದ ಕೊಡಲಿಲ್ಲ. ಅಕ್ಷರ ಬಾರದ ಮಂಜಿ ಎರಡು ಕಾಗದ ಹಿಡಿದು ಮುಂದೆ ಬಂದಳು.

“ಯಾವ್ದು ಸುಳ್ಳು ಸಾಹೇಬ್ರೆ? ಏಳಿ ಅಂದದ್ದಾ, ಇರಿ ಅಂದದ್ದಾ? ಎರಡ್ರಲ್ಲೂ ನಿಮ್ದೇ ಸಹಿ ಅದೆ.”

ಸಾಹೇಬರು ಕಸಿಯಲು ಬಂದರು. ಮಂಜಿ ಎರಡನ್ನೂ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಜೀಪಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಮಣ್ಣಿನಲ್ಲಿ ಕೂತಳು. ಸಾಹೇಬರು ಹತ್ತಿ ಕೂತು ಬಾಗಿಲು ಬಡಿದುಕೊಂಡರು, ಡ್ರೈವರನಿಗೆ ಜೀಪು ಚಾಲೂ ಮಾಡಲು ಹೇಳಿದರು.