ಗುರುಬಾಯಿ ಅಂತ ಓದಿದ್ದು

ನನ್ನ ಅಕ್ಷರ ಚೆಂದ. ಮುಂಬಯಿ ಜೋಗೇಶ್ವರಿಯ ನಮ್ಮ ಜೋಪಡಿ ಸಾಲಿನಲ್ಲಿ ಏಳನೆಯ ಇಯತ್ತೆ ಮುಗಿಸಿದವನು ನಾನೊಬ್ಬನೇ. ಊರಿಗೆ ಹೋಗುವ ಕಾಗದ, ಊರಿಂದ ಬರುವ ಕಾಗದ, ಎಲ್ಲವೂ ಸಿದ್ದರಾಮಪ್ಪನ ಕೈ ಹಾಯ್ದೇ ಹೋಗಬೇಕು. ಹಗಲೆಲ್ಲ ಕಾರ್ಖಾನೆಯ ಎಣ್ಣೆಯಲ್ಲಿ ಕೈ ಕರಿ ಮಾಡಿಕೊಂಡರೂ ಸಂಜೆ ಕಿಸೆಯಿಂದ ಪೆನ್ನು ತೆಗೆದರೆ ನಾನು ಮಾಸ್ತರ. ಆ ಜಂಬವೇ ಒಬ್ಬ ಹೆಂಗಸಿನ ಮನೆ ಮುರಿಯಿತು.

ಅವಳು ಗುರುಬಾಯಿ, ನಮ್ಮ ಬಾಜೂ ಜೋಪಡಿಯವಳು. ಗಂಡ ಸತ್ತ ಮೇಲೆ ಅಫಜಲಪುರದ ಕಡೆಯಿಂದ ಬಂದು ಸಾಂತಾಕ್ರೂಜ್‌ನ ಬಿಲ್ಡಿಂಗೊಂದರಲ್ಲಿ ಹನ್ನೊಂದು ವರ್ಷ ಒಂದೇ ಮನೆಯ ಪಾತ್ರೆ ತಿಕ್ಕಿದಳು. ಆ ಮನೆಯಲ್ಲಿ ಅವಳು ಬರೀ ಬಾಯಿ. ಎದುರುಮನೆಯ ಕೆಲಸದವಳೂ ಬಾಯಿ, ಕೆಳಗಿನ ಮನೆಯವಳೂ ಬಾಯಿ. ಮಾಲಕಿಯನ್ನು ಮಾತ್ರ ಬಾಯಿಸಾಹೇಬ ಅನ್ನಬೇಕು. ಸಾಹೇಬ ಅನ್ನುವ ಬಾಲ ಇದ್ದರೆ ಕುರ್ಚಿ, ಇಲ್ಲದಿದ್ದರೆ ಕಸಬರಿಗೆ. ಮರಾಠಿ ಶಾಲೆಯಲ್ಲಿ ಪಾಠ ಹೇಳುವವಳೂ ಬಾಯಿ, ಕುಣಿಯುವವರ ಕೋಠಿಯಲ್ಲಿ ಹಾಡುವವಳೂ ಬಾಯಿ. ಈ ಊರಿನ ಹೆಸರಿನ ತುದಿಗೂ ಅದೇ ಜೋತುಬಿದ್ದಿದೆ ಎಂದು ನಾನು ಚೇಷ್ಟೆ ಮಾಡಿದರೆ ಗುರುಬಾಯಿ ನಗುತ್ತಿರಲಿಲ್ಲ.

"ನಮ್ಮೂರಾಗ ಬಾಯಿ ಅನ್ನೂದು ಗೌಡರ ಮನಿ ಹೆಣ್ಮಕ್ಕಳಿಗಿ ಅಷ್ಟೇ ಇತ್ತೋ ತಮ್ಮಾ," ಅನ್ನುತ್ತಿದ್ದಳು.

ಅವಳಪ್ಪ ಗೌಡರ ಹೊಲದ ಜೀತದಾಳು. ಮೂರು ಕೂಸು ಕಳಕೊಂಡ ಮೇಲೆ ಹುಟ್ಟಿದ ಇವಳನ್ನು ಮಠಕ್ಕೆ ಒಯ್ದು, ಗುರುವಿನ ಗದ್ದುಗೆ ಮುಂದೆ ಗುರುಬಾಯಿ ಅಂತ ಹೆಸರಿಟ್ಟನಂತೆ. ಗುರವ್ವ ಅನ್ನು, ಬಾಯಿ ಅನ್ನಬೇಡ ಅಂತ ಗೌಡರು ಹೇಳಿ ಕಳಿಸಿದರು. ಗದ್ದುಗೆ ಮುಂದೆ ಇಟ್ಟ ಹೆಸರು ಹೊಳ್ಳಿ ತಗೊಳ್ಳೋದಿಲ್ಲ ಅಂದ. ಎತ್ತಿಗೆ ಹೊಡೆಯುವ ಬಾರಕೋಲಿನಿಂದ ಅವನಿಗೆ ಹೊಡೆಸಿದರು. ಬೆನ್ನ ಮೇಲಿನ ಬರೆಗಳು ಅವನು ಸಾಯುವ ತನಕ ಇದ್ದವು. ಅವನಿಗೆ ಮೈ ತಿಕ್ಕುವಾಗೆಲ್ಲ ಇವಳು ನೋಡಿದ್ದಳು. ಊರಲ್ಲಿ ನಮ್ಮಂಥವರ ಯೋಗ್ಯತೆಗೆ ಹೆಚ್ಚಾದ ಶಬ್ದ ಮುಂಬಯಿಯಲ್ಲಿ ಅಷ್ಟು ಅಗ್ಗವಾಗಿತ್ತು. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಎಪ್ಪತ್ತಾರರಲ್ಲಿ ಸರ್ಕಾರದವರು ಜೋಪಡಿಗಳನ್ನು ಎಣಿಸಲು ಬಂದರು. ಎಣಿಕೆಯಲ್ಲಿ ಸೇರಿದವರಿಗೆ ಬಾಗಿಲ ಮೇಲೆ ನಂಬರು, ಕೈಗೆ ಫೋಟೋ ಇರುವ ಪಾಸು. ಸೇರದವರ ಜೋಪಡಿ ಕೆಡವುತ್ತಾರೆ. ಆ ದಿನ ರಜೆ ಬೇಕೆಂದು ಗುರುಬಾಯಿ ಕೇಳಿದ್ದಳು. ಮನೆಗೆ ನೆಂಟರು ಬರುತ್ತಾರೆ, ಬಾಯಿ ಇಲ್ಲದೆ ಹೇಗೆ ಅಂದರಂತೆ ಬಾಯಿಸಾಹೇಬರು. ಎಣಿಸುವವರು ಬಂದಾಗ ಇವಳ ಬಾಗಿಲಿಗೆ ಬೀಗ ಇತ್ತು.

ತಪ್ಪಿಹೋದವರು ಶನಿವಾರ ಸಂಜೆ ಐದರೊಳಗೆ ಆಫೀಸಿಗೆ ಚಿಟ್ಠಿ ತರಬೇಕು ಅಂತಾಯಿತು: ಇಂಥವರು ಇಷ್ಟು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದಾರೆ, ಜೋಗೇಶ್ವರಿಯಲ್ಲಿ ಇರುತ್ತಾರೆ ಎಂದು ಮಾಲಕರು ಬರೆದುಕೊಟ್ಟದ್ದು. ಶುಕ್ರವಾರ ಸಂಜೆ ಗುರುಬಾಯಿ ಚಿಟ್ಠಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಓದೋ ಸಿದ್ರಾಮಾ. ನನ್ನ ಬಗ್ಗಿ ಏನು ಬರ್ದಾಳ ಕೇಳೂನು."

ಮರಾಠಿಯಲ್ಲಿ, ಕಪ್ಪು ಶಾಯಿಯಲ್ಲಿ ನಾಲ್ಕು ಸಾಲು ಇತ್ತು. ಪ್ರಾಮಾಣಿಕಳು, ಹನ್ನೊಂದು ವರ್ಷದಿಂದ ಇದ್ದಾಳೆ, ಎಲ್ಲ ಸರಿ. ಹೆಸರು ಬರಬೇಕಾದಲ್ಲಿ ಎರಡು ಬೆರಳು ಅಗಲದ ಖಾಲಿ ಜಾಗ. ಹನ್ನೊಂದು ವರ್ಷ ಆದ ಮೇಲೆ ಹೆಸರು ಕೇಳಲು ಆ ಹೆಂಗಸಿಗೆ ನಾಚಿಕೆ ಆಗಿತ್ತು ಅಂತ ಕಾಣುತ್ತದೆ.

ನಾನು ತಲೆ ಎತ್ತಿದೆ. ಗುರುಬಾಯಿ ಕಣ್ಣು ಪಿಳುಕಿಸದೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೆಸರಿಲ್ಲ ಅನ್ನಲು ನನ್ನ ನಾಲಿಗೆ ಏಳಲಿಲ್ಲ.

"ಗುರುಬಾಯಿ ಅಂಬವರು..." ಅಂತ ಓದಿದೆ.

"ಗುರುಬಾಯಿ ಅಂತ ಬರ್ದಾಳ?"

"ಹೂಂ ಅಕ್ಕಾ."

"ಇನ್ನೊಮ್ಮೆ ಓದು."

ಮೂರು ಸಲ ಓದಿಸಿದಳು. ಹೆಸರು ಗೊತ್ತಿದ್ದೂ ಬಾಯಿ ಅಂತಿದ್ದಳು ನೋಡು ಅಂತ ತನ್ನಷ್ಟಕ್ಕೆ ನಕ್ಕಳು. ಅವಳು ಚಹಾ ಇಡಲು ಒಳಗೆ ಹೋದಾಗ ನಾನು ಪೆನ್ನು ತೆಗೆದು ಖಾಲಿ ಜಾಗದಲ್ಲಿ ಅವಳ ಹೆಸರು ಬರೆದೆ. ದುಂಡಗೆ, ಚೆಂದಾಗಿ, ನೀಲಿ ಶಾಯಿಯಲ್ಲಿ.

ಶನಿವಾರ ಮಧ್ಯಾಹ್ನ ಆಫೀಸಿಗೆ ನಾನೂ ಜೊತೆಗೆ ಹೋದೆ; ಸರದಿ ಬಂದಾಗ ಮೂರೂವರೆ ದಾಟಿತ್ತು. ಕಿಟಕಿಯ ಹಿಂದಿನ ಕಾರಕೂನ ಚಿಟ್ಠಿಯನ್ನು ಬೆಳಕಿಗೆ ಹಿಡಿದ. ಈ ಹೆಸರು ಯಾರು ಬರೆದದ್ದು ಅಂತ ಕೇಳಿದ. "ನಮ್ಮ ಬಾಯಿಸಾಹೇಬರು," ಅಂದಳು ಗುರುಬಾಯಿ, ಎದೆ ಉಬ್ಬಿಸಿ. ಶಾಯಿ ಎರಡು, ಕೈ ಎರಡು, ಇದು ನಡೆಯುವುದಿಲ್ಲ, ಬೇರೆ ಬರೆಸಿಕೊಂಡು ಐದರೊಳಗೆ ಬಾ ಅಂದ. ಅವನದೇನೂ ತಪ್ಪಿರಲಿಲ್ಲ.

ಲೋಕಲ್‌ನಲ್ಲಿ ಸಾಂತಾಕ್ರೂಜ್‌ಗೆ ಹೋಗುವಾಗ ಗುರುಬಾಯಿ ನನಗೇ ಸಮಾಧಾನ ಹೇಳಿದಳು: "ಅಕಿ ಪೆನ್ನದಾಗ ನಡುವೆ ಶಾಯಿ ತೀರಿರಬೇಕು, ಬ್ಯಾರೆ ಪೆನ್ನು ತಗೊಂಡಾಳ." ಆಗಲಾದರೂ ನಿಜ ಹೇಳಬೇಕಿತ್ತು. ನಾನು ಹೊರಗೆ ನೋಡುತ್ತ ಕೂತೆ. ಹೇಡಿ.

ಬಾಯಿಸಾಹೇಬರು ಕೆಟ್ಟವರಲ್ಲ. ವಿಷಯ ಕೇಳಿದ ಕೂಡಲೇ ಹೊಸ ಹಾಳೆ ತಂದು ಮೇಜಿನ ಮುಂದೆ ಕೂತರು. ಪೆನ್ನಿನ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿದರು. ಆಮೇಲೆ ಮೆಲ್ಲಗೆ, ಮರಾಠಿಯಲ್ಲಿ ಕೇಳಿದರು:

"ಬಾಯಿ, ನಿನ್ನ ಹೆಸರೇನು?"

ಗುರುಬಾಯಿ ಅವರನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ ತನ್ನ ಹೆಸರು ಹೇಳಿದಳು, ಕಳವಿನ ಮಾಲು ಒಪ್ಪಿಸಿದಂತೆ.

ನಾವು ಜೋಗೇಶ್ವರಿಯಲ್ಲಿ ಇಳಿದು ಓಡಿದರೂ ಆಫೀಸಿಗೆ ಮುಟ್ಟಿದಾಗ ಐದೂವರೆ. ಕಿಟಕಿ ಮುಚ್ಚಿತ್ತು. ಸೋಮವಾರ ಹೋದರೆ ಯಾದಿ ಮೇಲಿನ ಆಫೀಸಿಗೆ ಹೋಗಿಬಿಟ್ಟಿದೆ ಅಂದರು. ಖಾಲಿ ಜಾಗ ಇದೆ, ತುಂಬಿಸಿಕೊಂಡು ಬಾ ಅಂತ ನಾನು ಶುಕ್ರವಾರವೇ ಅಂದಿದ್ದರೆ ಕೆಲಸ ಮುಗಿಯುತ್ತಿತ್ತು.

ಹದಿನೈದು ದಿನಕ್ಕೆ ಅವಳ ಜೋಪಡಿ ಕೆಡವಿದರು. ತಗಡು, ಗೋಣಿ, ಎರಡು ಪಾತ್ರೆ ಕೈಗಾಡಿಗೆ ಹೇರಲು ನಾನು ಹೋದೆ. ಮುಟ್ಟಬೇಡ ಅಂದಳು.

"ಅಕಿ ಮರ್ತಾಳ, ಮರೀಲಿ. ಅಕಿಗೇನು, ಹತ್ತು ಬಾಯಿ ಬರ್ತಾವ, ಹೋಗ್ತಾವ. ನೀ ಯಾಕ ಓದಿದಿ? ಮೂರು ಸರ್ತಿ ಓದಿದೆಲ್ಲೋ!"

ಅವಳು ಮುಂಬಯಿಯ ತುದಿಯ ದಹಿಸರ್‌ಗೆ ಹೋದಳು.

ಎರಡು ವರ್ಷದ ಮೇಲೆ ದಹಿಸರ್ ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುತ್ತಿದ್ದಳು. ಗಿರಾಕಿಗಳು "ಬಾಯಿ, ಮೆಂತೆ ಹೇಗೆ?" ಅಂತ ಕೇಳುತ್ತಿದ್ದರು. ನಾನು ಎದುರು ನಿಂತೆ. ಅವಳು ಸಿಟ್ಟು ಮಾಡಲಿಲ್ಲ, ಕೂಡು ಅಂತಲೂ ಅನ್ನಲಿಲ್ಲ. ಎಡಗೈ ಮುಂದೆ ಚಾಚಿದಳು. ಮೊಣಕೈ ಕೆಳಗೆ ಹಸಿರು ಹಚ್ಚೆ, ಮರಾಠಿ ಅಕ್ಷರ. ಹೆಂಗಸರು ಗಂಡನ ಹೆಸರೋ ದೇವರ ಹೆಸರೋ ಹಾಕಿಸುವ ಜಾಗ ಅದು.

"ಓದು. ಇದ್ದದ್ದು ಓದು."

"ಗುರುಬಾಯಿ," ಅಂದೆ. "ಗುರುಬಾಯಿ ಅಂತಲೇ ಐತಿ ಅಕ್ಕಾ, ನಿಜವಾಗ್ಲೂ."

ಅವಳಿಗೆ ನನ್ನ ಓದು ಸಾಲಲಿಲ್ಲ. ಸೊಪ್ಪು ಆರಿಸುತ್ತಿದ್ದ, ಕಂಕುಳಲ್ಲಿ ಮಕ್ಕಳ ಪಾಟಿ ಪುಸ್ತಕ ಹಿಡಿದ ಶಾಲೆಯ ಟೀಚರಮ್ಮನ ಕಡೆ ಅದೇ ಕೈ ಚಾಚಿದಳು.

"ಬಾಯಿ, ಹೇ ಜರಾ ವಾಚಾ," ಓದಿ ಹೇಳಿ ಅಂದಳು.

ಆ ಹೆಂಗಸು ಬಗ್ಗಿ ನೋಡಿ "ಗುರುಬಾಯಿ" ಅಂತ ಓದಿದಳು. ಗುರುಬಾಯಿ ಆಗ ಸೆರಗಿನಿಂದ ಕೈ ಮುಚ್ಚಿಕೊಂಡಳು.