ಪೋರ್ಟಿಕೋ ಕಂಬಿ

ಜಯದೇವಿ ನಮ್ಮ ಆಫೀಸಿಗೆ ಟ್ರೇಸರ್ ಆಗಿ ಸೇರಿದ್ದು ಎಪ್ಪತ್ತನಾಲ್ಕರಲ್ಲಿ. ಜಯನಗರ ಮೂರನೇ ಬ್ಲಾಕಿನಲ್ಲಿ ಇಂಜಿನಿಯರ್ ಏಕಾಂತಯ್ಯನವರು ಮನೆ ಕಟ್ಟಡಗಳ ನಕ್ಷೆ ಮಾಡಿಕೊಡುವ ಆಫೀಸು ಇಟ್ಟಿದ್ದರು. ನಾನು, ಗಂಗಾಧರಯ್ಯ, ಅಲ್ಲಿ ಹದಿನೈದು ವರ್ಷದ ಹಳೇ ಡ್ರಾಫ್ಟ್ಸ್‌ಮನ್. ನಾನು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆ ಗೆರೆಯನ್ನೂ ಇಂಕಿನಲ್ಲಿ ತಿದ್ದುವುದು ಅವಳ ಕೆಲಸ. ಎಸ್ಸೆಸ್ಸೆಲ್ಸಿ ಓದಿದವರು ಸಾಕಿತ್ತು. ಅವಳೂ ಅರ್ಜಿಯಲ್ಲಿ ಅಷ್ಟೇ ಬರೆದಿದ್ದಳು.

ಹುಳಿಮಾವಿನಿಂದ ಬರುತ್ತಿದ್ದಳು. ಬಸ್ಸು ತಪ್ಪಿದ ದಿನ ಅರ್ಧ ದಾರಿ ನಡೆದೇ ಬರುತ್ತಿದ್ದಳು. ಆದರೂ ಒಂಬತ್ತೂವರೆಗೆ ಬೋರ್ಡಿನ ಮುಂದೆ ಇರುತ್ತಿದ್ದಳು. ಅವಳ ಗೆರೆ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ನಾಲ್ಕನೇ ತಿಂಗಳು. ಬನಶಂಕರಿ ಎರಡನೇ ಹಂತದಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಟ್ರೇಸಿಂಗ್ ಹರಿದಿತ್ತು. ಹೊಸದು ಮಾಡು ಅಂತ ಅವಳಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸಾರ್, ಈ ಪೋರ್ಟಿಕೋ ಚಾವಣೀಲಿ ಕಂಬಿ ಕೆಳಗಿದೆ. ಮೇಲಿರಬೇಕಲ್ವಾ?"

"ಇದ್ದದ್ದು ಇದ್ದಂಗೆ ಬರಿಯಮ್ಮ. ಕಂಬಿ ಚಿಂತೆ ನಿನಗ್ಯಾಕೆ?"

ಅವಳು ಹೋಗಲಿಲ್ಲ. ನನ್ನ ರಬ್ಬರ್ ತಗೊಂಡು ಬ್ಲೇಡಿನಿಂದ ಅದರ ಮೇಲುಭಾಗದಲ್ಲಿ ಸಣ್ಣಗೆ ಸೀಳಿದಳು. ಅರ್ಧ ಹೊರಗೆ ಚಾಚುವಂತೆ ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು, ಚಾಚಿದ ತುದಿಯನ್ನು ಬೆರಳಿನಿಂದ ಕೆಳಕ್ಕೆ ಅದುಮಿದಳು. ಸೀಳು ಬಾಯಿ ತೆರೆಯಿತು.

"ಮುಂದೆ ಕಂಬ ಇಲ್ಲ ಸಾರ್. ಭಾರ ಬಿದ್ರೆ ಬಿರುಕು ಮೇಲೆ ಬಿಡುತ್ತೆ. ಕಂಬಿ ಅಲ್ಲಿಲ್ದಿದ್ರೆ ಸೆಂಟ್ರಿಂಗ್ ಹಲಗೆ ತೆಗೆದ ದಿನವೇ ಬೀಳುತ್ತೆ."

ಆ ನಕ್ಷೆ ನನ್ನದು. ಒಳಗಿನ ಚಾವಣಿಯ ಕಂಬಿಯನ್ನೇ ನೋಡಿಕೊಂಡು ಅದನ್ನೂ ಬರೆದುಬಿಟ್ಟಿದ್ದೆ. ಏಕಾಂತಯ್ಯನವರು ಅವಸರದಲ್ಲಿ ಸಹಿ ಹಾಕಿದ್ದರು. ಅವತ್ತೇ ಅಲ್ಲಿ ಕಾಂಕ್ರೀಟು ಹಾಕುವುದಿತ್ತು.

ಏಕಾಂತಯ್ಯನವರು ಆಫೀಸಿಗೆ ಇನ್ನೂ ಬಂದಿರಲಿಲ್ಲ. ಆಟೋ ಹಿಡಿದು ಇಬ್ಬರೂ ಓಡಿದೆವು. ಆಳುಗಳು ಆಗಲೇ ಜಲ್ಲಿ, ಸಿಮೆಂಟು ಕಲಸುತ್ತಿದ್ದರು. ಮೇಸ್ತ್ರಿ ತಿಮ್ಮರಾಯಪ್ಪ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಸಹಿ ಇರೋ ನಕ್ಷೆ ನನ್ನ ಹತ್ರ ಇದೆ. ನಿಲ್ಸೋಕೆ ಇಂಜಿನಿಯರ್ ಹೇಳ್ಬೇಕು. ನಿಮ್ಮ ಮಾತಿಗಾಗಲೀ ಈಯಮ್ಮನ ಮಾತಿಗಾಗಲೀ ನಿಲ್ಸಲ್ಲ."

ಜಯದೇವಿ ಸೀರೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಕಂಬಿಗಳ ನಡುವೆ ಹಲಗೆಯ ಮೇಲೆ ನಿಂತು ಹೇಳಿದಳು:

"ನಾನು ಸಿವಿಲ್ ಇಂಜಿನಿಯರ್ ಕಣಪ್ಪ. ಬಿ.ಇ., ಫಸ್ಟ್ ಕ್ಲಾಸ್. ನಾನೇ ಹೇಳ್ತಿದೀನಿ, ನಿಲ್ಸು."

ಕಲಸುತ್ತಿದ್ದ ಸಲಿಕೆಗಳು ನಿಂತವು. ನಾನೂ ಬಾಯಿ ಬಿಟ್ಟುಕೊಂಡು ನಿಂತೆ.

ಪಕ್ಕದ ಅಂಗಡಿಗೆ ಓಡಿ, ಏಕಾಂತಯ್ಯನವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಸ್ಕೂಟರಿನಲ್ಲಿ ಬಂದು, ಕಂಬಿ ನೋಡಿ, ಹಣೆ ಒರೆಸಿಕೊಂಡರು. "ಯಾರ ತಪ್ಪು ಇದು?"

"ಟ್ರೇಸ್ ಮಾಡುವಾಗ ಕಾಣಿಸ್ತು ಸಾರ್," ಅಂದಳು ಜಯದೇವಿ. ನನ್ನ ಹೆಸರು ಎತ್ತಲಿಲ್ಲ.

"ನನ್ನದು ಸಾರ್," ಅಂದೆ. ಅವಳು ಅಷ್ಟು ದೊಡ್ಡತನ ತೋರಿಸಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಏಕಾಂತಯ್ಯನವರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಬಿ.ಇ. ಅಂತೆ. ಯಾಕೆ ಮುಚ್ಚಿಟ್ಟೆ?"

"ಹೇಳಿದ್ರೆ ಕೆಲಸ ಕೊಡ್ತಿದ್ರಾ ಸಾರ್? ಎರಡು ವರ್ಷ ಅಲೆದೆ. ನನ್ನ ಜೊತೆ ಓದಿದ ಹುಡುಗರಿಗೇ ಕೆಲಸ ಇಲ್ಲ. ಹೆಂಗಸು ಸೈಟಲ್ಲಿ ನಿಂತ್ರೆ ಆಳುಗಳು ಮಾತು ಕೇಳ್ತಾರಾ ಅಂದೋರು ಕೆಲವರು. ಟ್ರೇಸಿಂಗಿಗೆ ಹೋದ್ರೆ, ಇಷ್ಟು ಓದಿದೋಳು ನಾಳೆ ಬಿಟ್ಟು ಹೋಗ್ತೀಯ ಅಂದ್ರು. ಕೈ ಗೆರೆ ಎಳೆಯೋದು ಮರೀಬಾರ್ದು ಅಂತ ಸುಳ್ಳು ಬರೆದೆ. ಇವತ್ತು ಹೇಳಿದ್ರೆ ಈ ಕೆಲಸಾನೂ ಹೋಗುತ್ತೆ ಅಂತ ಗೊತ್ತಿತ್ತು."

ಏಕಾಂತಯ್ಯನವರು ಮತ್ತೊಮ್ಮೆ ಕಂಬಿಗಳ ಕಡೆ ನೋಡಿದರು. ಆಮೇಲೆ ಮೇಸ್ತ್ರಿಗೆ, "ಇವರು ಹೇಳಿದಂಗೆ ಕಂಬಿ ಎತ್ತಿ ಕಟ್ಟಪ್ಪ," ಅಂದು, ಅವಳಿಗೆ, "ನಾಳೆಯಿಂದ ನಿಮಗೆ ಟ್ರೇಸಿಂಗ್ ಬೇಡ. ಲೆಕ್ಕಾಚಾರ ನೀವು ನೋಡಿ. ನೀವು ನೋಡದೆ ಯಾವ ನಕ್ಷೆಗೂ ನಾನು ಸಹಿ ಹಾಕಲ್ಲ," ಅಂದರು. ಮೊದಲ ಸಲ ಅವಳನ್ನು ನೀವು ಅಂದಿದ್ದರು.

ಅವತ್ತು ಸಂಜೆಯವರೆಗೂ ಜಯದೇವಿಯವರು ಹಲಗೆಯಿಂದ ಇಳಿಯಲಿಲ್ಲ. ಒಂದೊಂದು ಕಂಬಿ ಕಟ್ಟಿದಾಗಲೂ ತಿಮ್ಮರಾಯಪ್ಪ, "ನೋಡ್ಕೊಳಿ ಮೇಡಂ," ಅನ್ನುತ್ತಿದ್ದ.

ಮಾರನೇ ವಾರ ಊಟದ ಬಿಡುವಿನಲ್ಲಿ ಅವರ ಮೇಜಿನ ಮುಂದೆ ಹೋಗಿ ನಿಂತೆ. ಭಾರ ಎಲ್ಲಿ ಎಳೆಯುತ್ತೆ, ಎಲ್ಲಿ ಒತ್ತುತ್ತೆ ಅಂತ ನನಗೂ ಹೇಳಿಕೊಡಿ ಎಂದು ಕೇಳಿದೆ. ಅವರು ಡಬ್ಬಿ ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದು, "ಕೂತ್ಕೊಳಿ ಸಾರ್," ಅಂದರು. ನನಗಾಗ ನಲವತ್ತೆರಡು ವರ್ಷ.