ನೀಲಿ ಕೊಕ್ಕಿನ ಬಾತು

ಧಾರವಾಡದ ಹೊರಗಿನ ಒಂದು ಕೆರೆಯ ದಂಡೆಯಲ್ಲಿ ಚಳಿಗಾಲದ ಪ್ರತಿ ರವಿವಾರ ಬೆಳಿಗ್ಗೆ ಏಳೆಂಟು ಜನ ಸೇರಿ ವಲಸೆ ಹಕ್ಕಿಗಳನ್ನು ಎಣಿಸುತ್ತಾರೆ. ಅವರಲ್ಲಿ ನಿವೃತ್ತ ಇಂಜಿನಿಯರ್ ವಿಜಯೀಂದ್ರರ ಅದೃಷ್ಟವೇ ಬೇರೆ. ಅಪರೂಪದ ಹಕ್ಕಿಗಳೆಲ್ಲ ಉಳಿದವರು ಮನೆಗೆ ಹೋದ ಮೇಲೆ ಅವರೊಬ್ಬರಿಗೇ ಕಾಣಿಸುತ್ತಿದ್ದವು. ಅದೇ ಹೊತ್ತಿಗೆ ಅವರ ಕ್ಯಾಮೆರಾದ ಬ್ಯಾಟರಿಯೂ ಮುಗಿದಿರುತ್ತಿತ್ತು.

ಎಣಿಕೆ ಬರೆದುಕೊಳ್ಳುತ್ತಿದ್ದವರು ಅಂಬಾಬಾಯಿ, ಮೂವತ್ತು ವರ್ಷ ಗಣಿತ ಕಲಿಸಿದವರು. "ಬಾಯಾರ, ಹೋದ ವಾರ ನೀವೆಲ್ಲಾ ಹೋದ ಮ್ಯಾಲೆ ರಾಜಹಂಸ ಬಂದಿತ್ತು, ಬರಕೋರಿ" ಎಂದು ವಿಜಯೀಂದ್ರ ಹೇಳಿದ ದಿನ ಅವರು ಬರೆದುಕೊಂಡರು. ಅಲ್ಲಿಂದ ಸೀದಾ ಗೆಳತಿ ಅಬೀದಾಳ ಮನೆಗೆ ಹೋದರು. ಶಾಲೆಗಳ ನಾಟಕಕ್ಕೆ ವೇಷ, ಮುಖವಾಡ ಮಾಡಿಕೊಡುವುದು ಅಬೀದಾಳ ಕಸುಬು.

"ನನಗೊಂದು ಬಾತು ಬೇಕು. ಯಾವ ಪುಸ್ತಕದಾಗೂ ಇರಬಾರದು."

"ಅಂಬಕ್ಕಾ, ಈ ವಯಸ್ಸಿನಾಗ ಏನಿದು?" ಎಂದಳು ಅಬೀದಾ. ಅವಳ ಕೈ ಆಗಲೇ ಕತ್ತರಿ ಹುಡುಕುತ್ತಿತ್ತು.

ಥರ್ಮಾಕೋಲ್ ಡಬ್ಬಿಯೊಂದು ಬಾತಾಯಿತು. ಬೂದು ಮೈ, ನೀಲಿ ಕೊಕ್ಕು, ನೆತ್ತಿಯ ಮೇಲೆ ಕೆಂಪು ಬೊಟ್ಟು. ಶನಿವಾರ ಸಂಜೆ, ಆ ಕೆರೆಯಲ್ಲಿ ಮೀನು ಹಿಡಿಯುವ ದ್ಯಾಮಣ್ಣ ಅದಕ್ಕೆ ದಾರದಿಂದ ಕಲ್ಲು ಕಟ್ಟಿ, ತೆಪ್ಪದಲ್ಲಿ ಒಯ್ದು ಕೆರೆಯ ನಡುವೆ ಬಿಟ್ಟು ಬಂದ.

ಮರುದಿನ ವಿಜಯೀಂದ್ರ ಬೈನಾಕ್ಯುಲರ್ ಎತ್ತಿದವರೇ ಇನ್ನೊಂದು ಕೈಯನ್ನು ಎಲ್ಲರಿಗೂ ಅಡ್ಡ ಚಾಚಿದರು.

"ಯಾರೂ ಅಲುಗಾಡಬ್ಯಾಡ್ರಿ! ಸೈಬೀರಿಯಾದ್ದು ಅದು. ನಾ ಮೊದಲೊಮ್ಮೆ ನೋಡೇನಿ."

"ಖರೇ ಏನ್ರಿ?" ಅಂಬಾಬಾಯಿ ಪೆನ್ನು ತೆಗೆದರು. "ಏನ ಮಾಡ್ಲಿಕತ್ತದ?"

"ಕತ್ತು ತಿರುಗಿಸಿ ರೆಕ್ಕಿ ಕೆರಕೊಳ್ಳಿಕತ್ತದ."

ತಮಾಷೆ ನೋಡಲೆಂದೇ ಬಂದಿದ್ದ ಅಬೀದಾ ದುಪಟ್ಟಾ ಬಾಯಿಗೊತ್ತಿಕೊಂಡು ಗಿಡದ ಹಿಂದೆ ಓಡಿದಳು.

ಅಂಬಾಬಾಯಿ ಇನ್ನೇನು ಗುಟ್ಟು ಒಡೆಯಬೇಕು, ಅಷ್ಟರಲ್ಲಿ ಮೇಲಿಂದ ಕೊಂಕ್ ಕೊಂಕ್ ಎಂದು ಸದ್ದಾಯಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಇಪ್ಪತ್ತಮೂರು! ಆ ಕೆರೆಗೆ ಅವು ಎಂದೂ ಇಳಿದಿರಲಿಲ್ಲ. ಎರಡು ಸುತ್ತು ಹೊಡೆದವು. ತಮ್ಮಂಥದ್ದೇ ಒಂದು ಕೆಳಗೆ ನಿಶ್ಚಿಂತೆಯಿಂದ ಕೂತಿದ್ದನ್ನು ಕಂಡು ಅದರ ಸುತ್ತ ಧಬಧಬನೆ ಇಳಿದುಬಿಟ್ಟವು. ಅವರ ಹಕ್ಕಿಯೇ ಇವನ್ನು ಕರೆತಂದಿತೆಂದು ಎಲ್ಲರೂ ವಿಜಯೀಂದ್ರರ ಕೈ ಕುಲುಕಿದ್ದೇ ಕುಲುಕಿದ್ದು.

ಹೆಬ್ಬಾತುಗಳು ಇಳಿದ ಅಲೆಗೆ ಗೊಂಬೆಯ ದಾರ ಹರಿಯಿತು. ಅದು ಮಗುಚಿ ದಂಡೆಯತ್ತ ತೇಲತೊಡಗಿತು. ಉಳಿದವರ ಕಣ್ಣು ಹೆಬ್ಬಾತುಗಳ ಮೇಲಿತ್ತು. ವಿಜಯೀಂದ್ರ ಮಾತ್ರ ತಮ್ಮ ಹಕ್ಕಿಯನ್ನು ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಅಂಬಾಬಾಯಿಯ ಪಕ್ಕಕ್ಕೆ ಸರಿದರು.

"ಬಾಯಾರ, ಅದರ ಹೊಟ್ಟಿ ಮ್ಯಾಲೆ 'ಸ್ಪೆಷಲ್ ಕುಲ್ಫಿ' ಅಂತ ಬರದದ."

"ಸೈಬೀರಿಯಾ ಭಾಳ ಥಂಡಿ ನೋಡ್ರಿ."

ವಿಜಯೀಂದ್ರರ ಮುಖ ಕೆಂಪೇರಿತು. ಈಗ ಬೈಗುಳ ಬರುತ್ತದೆಂದು ಅಂಬಾಬಾಯಿ ಕಾದರು. ಆದರೆ ಅವರ ಭುಜ ಅಲುಗತೊಡಗಿತು. ನಗು ತಡೆಯಲಾಗದೆ ಮೀಸೆ ಕಚ್ಚಿಕೊಂಡರು.

"ಪಟ್ಟಿಯಾಗಿನ ಆ ರಾಜಹಂಸ ಹೊಡದುಹಾಕ್ರಿ," ಎಂದರು ಕೊನೆಗೆ. "ಹೆಬ್ಬಾತು ಮಾತ್ರ ಇರ್ಲಿ. ಅವು ಖರೇ ಅವ."

ಥರ್ಮಾಕೋಲ್ ನೀರಿನಲ್ಲಿ ಬಿಡುವಂತಿರಲಿಲ್ಲ. ವಿಜಯೀಂದ್ರ ಪ್ಯಾಂಟು ಮಡಚಿ ಕೆಸರಿಗಿಳಿದರು, ಎರಡನೇ ಹೆಜ್ಜೆಗೇ ಹೂತುಹೋದರು. ಅಂಬಾಬಾಯಿ ಛತ್ರಿಯ ಹಿಡಿಕೆ ಚಾಚಿದರು. ವಿಜಯೀಂದ್ರ ಅದನ್ನು ಹಿಡಿದು ಜಗ್ಗಿದ ರಭಸಕ್ಕೆ ಬಾಯಾರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತರು. ಇಪ್ಪತ್ತಮೂರು ಕತ್ತುಗಳು ಒಟ್ಟಿಗೇ ಇತ್ತ ತಿರುಗಿದವು.